ಟಿಡಿಎಸ್ ಮೀಟರಿಗೆ ಕಾಣದ ಸಕ್ಕರೆ

ಇವತ್ತು ಕ್ಯಾಮೆರಾ ಇಟ್ಟಿರೋದು ನಮ್ಮನೆ ಅಡುಗೆಕಟ್ಟೆ ಮೇಲೆ. ಹೋದ ವಾರ ಫಿಲ್ಟರ್ ಸರ್ವೀಸಿಗೆ ಬಂದ ಹುಡುಗ ಪೆನ್ನಿನಂಥ ಟಿಡಿಎಸ್ ಮೀಟರನ್ನ (ಲೀಟರ್ ನೀರಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಕರಗಿದೆ ಅಂತ ಹೇಳೋ ಮೀಟರ್) ನೀರಿಗೆ ಅದ್ದಿ, "40 ಇದೆ ಅಮ್ಮಾ, ನೀರು ಚೆನ್ನಾಗಿದೆ" ಅಂದ. ಅಮ್ಮನಿಗೆ ಸಮಾಧಾನ ಆಯ್ತು. ನನಗೆ ಮಾತ್ರ ಆ 40 ತಲೆಯಲ್ಲೇ ಕೂತುಬಿಡ್ತು. ಅಂಥದ್ದೇ ಒಂದು ಮೀಟರ್ ತಂದೆ.

ಎರಡು ಪಾತ್ರೆ. ಎರಡರಲ್ಲೂ ಒಂದೊಂದು ಲೀಟರ್ ಅದೇ ಫಿಲ್ಟರ್ ನೀರು. ಮೊದಲನೇದಕ್ಕೆ 5 ಗ್ರಾಂ ಸಕ್ಕರೆ ಹಾಕಿ ಕದಡಿದೆ, ಪೂರ್ತಿ ಕರಗ್ತು. ಮೀಟರ್ ನೋಡಿ: ಅದೇ 40ರ ಆಸುಪಾಸು! ಕರಗಿರೋದು 5,000 ಮಿಲಿಗ್ರಾಂ, ಮೀಟರಿಗೆ ಸುಳಿವೇ ಇಲ್ಲ. ಎರಡನೇದಕ್ಕೆ 1 ಗ್ರಾಂ ಉಪ್ಪು, ಅಷ್ಟೇ. ಸಂಖ್ಯೆ ಸಾವಿರ ದಾಟಿಬಿಡ್ತು.

ಯಾಕೆ ಅಂದ್ರೆ, ಈ ಮೀಟರ್ ಕರಗಿದ್ದನ್ನ ತೂಗಲ್ಲ. ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆದು, ಅದನ್ನ ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸಿ ತೋರಿಸುತ್ತೆ. ಉಪ್ಪು ಅಯಾನಿಕ್ ಸಂಯುಕ್ತ, ಅಂದ್ರೆ ಅಯಾನುಗಳಿಂದ, ವಿದ್ಯುದಾವೇಶ ಇರೋ ಕಣಗಳಿಂದ ಆದದ್ದು. ಅದರ ಹರಳಲ್ಲೇ ಸೋಡಿಯಂ, ಕ್ಲೋರೈಡ್ ಅಯಾನುಗಳಿರುತ್ತವೆ, ಆದರೆ ಕದಲೋಕೆ ಜಾಗ ಇಲ್ಲ; ಒಣ ಉಪ್ಪಲ್ಲಿ ಕರೆಂಟ್ ಹರಿಯಲ್ಲ. ನೀರಿಗೆ ಬಿದ್ದರೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಬಿಡಿಸಿಕೊಂಡು ಹೋಗ್ತವೆ; ಹಾಗೆ ಬಿಡಿಯಾದ ಅಯಾನುಗಳೇ ಕರೆಂಟ್ ಹೊರೋದು. ಸಕ್ಕರೆ ಸಹವೇಲೆನ್ಸೀಯ, ಅಂದ್ರೆ ಅದರ ಪರಮಾಣುಗಳು ಎಲೆಕ್ಟ್ರಾನುಗಳನ್ನ ಹಂಚಿಕೊಂಡು ಅಣುವಾಗಿ ಕೂಡಿರುತ್ತವೆ. ಕರಗಿದ ಮೇಲೂ ಅದರ ಅಣು ಇಡಿಯಾಗೇ ಇರುತ್ತೆ, ಕರೆಂಟ್ ಹೊರೋಕೆ ಅದಕ್ಕೆ ವಿದ್ಯುದಾವೇಶವೇ ಇಲ್ಲ.

ಹಾಗಂತ ಸಹವೇಲೆನ್ಸೀಯ ಅಂದರೆಲ್ಲ ಹೀಗೇ ಅನ್ಕೋಬೇಡಿ. ವಿನೆಗರಿನ ಆಮ್ಲದ ಅಣುಗಳಲ್ಲಿ ಒಂದಷ್ಟು ಮಾತ್ರ ನೀರಲ್ಲಿ ಒಡೆದು ಅಯಾನುಗಳಾಗ್ತವೆ. ಹೈಡ್ರೋಜನ್ ಕ್ಲೋರೈಡ್ ಅನಿಲ ಹೆಚ್ಚುಕಡಿಮೆ ಪೂರ್ತಿ ಒಡೆದುಹೋಗುತ್ತೆ.

ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ದ್ರಾವಣಗಳಲ್ಲಿ ಕರೆಂಟ್ ಹರಿಯೋ ಬಗ್ಗೆ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪ್ರಬಂಧ ಕೊಟ್ಟಾಗ ತೀರಾ ಕೆಳಗಿನ ದರ್ಜೆ ಸಿಕ್ಕಿತ್ತು. ಉಪ್ಪಿನಂಥವು ನೀರಲ್ಲಿ ಅಯಾನುಗಳಾಗಿ ಬಿಡಿಯಾಗ್ತವೆ ಅನ್ನೋ ಅದೇ ವಿಚಾರ ಬೆಳೆದು 1903ರಲ್ಲಿ ಅವರಿಗೆ ನೊಬೆಲ್ ತಂದುಕೊಡ್ತು. ಅವರ ಛಲ ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತೆ.

ನನ್ನ ಚಿಂತೆ ಬೇರೆ. ನೀರಲ್ಲಿ ಕೀಟನಾಶಕ ಇದ್ದರೂ ಈ ಮೀಟರಿಗೆ ಸಕ್ಕರೆಯ ಹಾಗೇ ಕಾಣದೇ ಹೋಗಬಹುದು. ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರಿನ ತೊಂದರೆ ಫ್ಲೋರೈಡ್. ಅದು ಅಯಾನೇ, ಆದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯೋಕೆ ಯೋಗ್ಯ ಅಲ್ಲ. ನೂರಾರು ತೋರಿಸೋ ಮೀಟರಲ್ಲಿ ಆ ಒಂದೂವರೆಯನ್ನ ಎಲ್ಲಿ ಹುಡುಕೋದು?

ಬೋರ್‌ವೆಲ್ ನೀರು, ಫಿಲ್ಟರ್ ನೀರು ಎರಡನ್ನೂ ಬಾಟಲಿಗೆ ತುಂಬಿಸಿದ್ದೀನಿ. ನಾಳೆ ಬೆಳಿಗ್ಗೆ ಲ್ಯಾಬಿಗೆ ಕೊಟ್ಟು, ಫ್ಲೋರೈಡ್ ಎಷ್ಟಿದೆ ಅಂತ ಬೇರೆಯಾಗಿ ಬರೆದುಕೊಡಿ ಅಂತ ಕೇಳ್ತೀನಿ.