ಅಮಾವಾಸ್ಯೆ ರಾತ್ರಿ ಹೊಲಕ್ಕೆ ಹೋಗೋಣ ಬರ್ರಿ

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳ್ತಿದೆಯಾ? ಸರಿ. ನಂಗೆ ಮೂವತ್ತು ನಿಮಿಷ ಅಂತ ಹೇಳಿದ್ರು, ಹಾರ ತುರಾಯಿ ಸ್ವಾಗತದಲ್ಲೇ ಎಂಟು ನಿಮಿಷ ಹೋಯ್ತು, ಹಂಗಾಗಿ ನೇರ ವಿಷಯಕ್ಕೆ ಬರ್ತೀನಿ.

ಎಳ್ಳಮಾವಾಸ್ಯೆ ರಾತ್ರಿ ಊರಾಚೆ ಹೋಗಿ ನಕ್ಷತ್ರ ನೋಡೋಣ ಅಂತ ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದೆ. ಮೊದಲ್ನೇ ರಿಪ್ಲೈ ಏನ್ ಬಂತು ಗೊತ್ತಾ? "ಸರ್, ಹುಣ್ಣಿಮೆಗೆ ಇಟ್ಕೊಳ್ಳಿ, ಬೆಳಕಾದ್ರೂ ಇರುತ್ತೆ." ನಗಬೇಡಿ, ಬರೆದವರು ಇಲ್ಲೇ ಕೂತಿದಾರೆ. ಎರಡನೇ ರಿಪ್ಲೈ, "ಅಮಾಸೆ ದಿನ ಮನೇಲಿ ಬಿಡಲ್ಲ." ಮೂರನೇದು ಟೆಲಿಸ್ಕೋಪ್ ಯಾವ ಕಂಪನಿದು, ಎಷ್ಟಕ್ಕೆ ಸಿಗುತ್ತೆ ಅಂತ. ನಾನು ಇವತ್ತು ಹೇಳೋದೆಲ್ಲಾ ಈ ಮೂರು ರಿಪ್ಲೈಗೆ ಉತ್ತರ ಅಂದ್ಕೊಳ್ಳಿ. ಟೆಲಿಸ್ಕೋಪ್ ಆಮೇಲೆ, ಮೊದಲು ಅಮಾವಾಸ್ಯೆ.

ಯಾಕೆ ಅಂದ್ರೆ, ಹುಣ್ಣಿಮೆ ಚಂದ್ರ ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಹುಟ್ಟಿ ಬೆಳಗಿನ ತನಕ ಬಿಡಲ್ಲ, ಆಕಾಶ ಎಲ್ಲಾ ಹಾಲು ಚೆಲ್ಲಿದಂಗೆ. ಪ್ರೇಮಿಗಳಿಗೆ ಚೆನ್ನಾಗಿದೆ, ನಮಗೆ ಅಲ್ಲ. ಅಮಾವಾಸ್ಯೆ ದಿನ ಅವನು ಸೂರ್ಯನ ಜೊತೇಲೇ ಮುಳುಗ್ತಾನೆ, ಸೂರ್ಯ ಇಳಿದ ಮೇಲೆ ಒಂದೂಕಾಲು ಗಂಟೆ ಹೊತ್ತಿಗೆ ನಿಜವಾದ ಕತ್ತಲು ಬರುತ್ತೆ, ಅಲ್ಲಿಂದ ಇಡೀ ರಾತ್ರಿ ನಮ್ಮದು. ಅಮಾವಾಸ್ಯೆ ಅಂದ್ರೆ ಮನೇಲಿ ಒಪ್ಪೋದೇ ಇಲ್ಲ ಅನ್ನೋರಿಗೆ ಒಂದು ರಾಜಿ ಸೂತ್ರ ಇದೆ, ಕೃಷ್ಣ ಪಕ್ಷದ ಏಕಾದಶಿ ದ್ವಾದಶಿಗೆ ಹೋಗಿ. ಹುಣ್ಣಿಮೆ ಆದ್ಮೇಲೆ ಚಂದ್ರ ದಿನಕ್ಕೆ ಹತ್ತಿರತ್ತಿರ 50 ನಿಮಿಷ ತಡ ಮಾಡ್ಕೊಂಡು ಹುಟ್ತಾನೆ, ಏಕಾದಶಿ ಅಷ್ಟೊತ್ತಿಗೆ ನಡುರಾತ್ರಿ ದಾಟಿರುತ್ತೆ. ಏಕಾದಶಿ ಅಂದ್ರೆ ಅತ್ತೆಯವರೂ ಬೇಡ ಅನ್ನಲ್ಲ, ಉಪವಾಸ ಜಾಗರಣೆ ಎರಡೂ ಆಯ್ತು.

ಒಂದು ಕಥೆ ಹೇಳ್ಬೇಕು, ಕೆಲವರು ಕೇಳಿದೀರಿ, ಇನ್ನೊಂದ್ಸಲ ಕೇಳಿ. ನಾಲ್ಕೈದು ವರ್ಷದ ಹಿಂದೆ ಛಟ್ಟಿ ಅಮಾವಾಸ್ಯೆಗೆ ನಾವು ಆರು ಜನ ಹೊಳಲ್ಕೆರೆ ಕಡೆ ಒಂದೂರಿಗೆ ಹೋದ್ವಿ. ಊರ ಹೊರಗೆ ಒಂದು ದಿಬ್ಬ, ಮೇಲೆ ಹಾಳು ಮಂಟಪ, ಸುತ್ತ ಬಯಲು. ಜಾಗ ನೋಡಿ ಖುಷಿಯಾಗಿ ಟೆಲಿಸ್ಕೋಪ್ ಸ್ಟ್ಯಾಂಡ್ ಹೂಡಿದ್ವಿ, ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲಿ ಅಂತ ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿದ್ವಿ, ಪಿಸುಪಿಸು ಮಾತಾಡ್ತಾ ಇದ್ವಿ. ಈಗ ನೀವೇ ಹೇಳಿ, ಚಿತ್ರದುರ್ಗ ಜಿಲ್ಲೆ, ಅಮಾವಾಸ್ಯೆ ರಾತ್ರಿ, ಹಾಳು ಮಂಟಪ, ಆರು ಜನ ಗಂಡಸರು, ಮೂರು ಕಾಲಿನ ಯಂತ್ರ, ಕೆಂಪು ಬೆಳಕು. ಏನ್ ಅಂದ್ಕೊಳ್ತೀರಿ? ನಿಧಿ! ಅವರೂ ಅದೇ ಅಂದ್ಕೊಂಡ್ರು. ಇಪ್ಪತ್ತು ಮೂವತ್ತು ಜನ ದೊಣ್ಣೆ ತಗೊಂಡು "ಲೇ ಯಾರ್ರೋ ಅದು, ಅಲ್ಲೇ ನಿಲ್ರಿ" ಅಂತ ದಿಬ್ಬ ಹತ್ತಿದ್ರು. ನಮ್ಮಲ್ಲಿ ಒಬ್ಬರು ಬ್ಯಾಂಕಿನವರು, ಅವರು ಗಾಬರೀಲಿ ಐಡಿ ಕಾರ್ಡ್ ತೋರಿಸಿದ್ರು, ಅದ್ರಿಂದ ಇನ್ನೂ ಅನುಮಾನ ಜಾಸ್ತಿ ಆಯ್ತು, ಬ್ಯಾಂಕ್ನೋರು ಇಲ್ಲಿಗ್ಯಾಕೆ ಬಂದ್ರು ಅಂತ. ಇನ್ನೊಬ್ಬರು "ಗುರು ಗ್ರಹ ನೋಡಕ್ ಬಂದಿದೀವಿ" ಅಂದ್ರು. "ಓಹೋ, ಗುರುಗಳು ಬೇರೆ ಬಂದಾರಾ, ಎಲ್ಲಿ ಅವ್ನು ಮಂತ್ರವಾದಿ?" ಅಂತ ಮಂಟಪದ ಒಳಗೆ ಹುಡುಕಕ್ಕೆ ಶುರು ಮಾಡಿದ್ರು.

ಕೊನೆಗೆ ಒಬ್ರು ಅಜ್ಜ ಮುಂದೆ ಬಂದ್ರು, ಎಂಬತ್ತು ದಾಟಿರಬೇಕು, ಹೆಗಲ ಮೇಲೆ ಕಂಬಳಿ. "ಏನಪ್ಪಾ, ಅದ್ರಾಗೆ ಏನು ಕಾಣ್ತತಿ?" ಅಂದ್ರು. ನಾನು ಶನಿ ಕಡೆ ತಿರುಗಿಸಿದ್ದೆ, ಉಂಗುರ ಚೆನ್ನಾಗಿ ಕಾಣ್ತಿತ್ತು, "ನೋಡಿ ಅಜ್ಜಾರೇ, ಶನಿ" ಅಂದೆ. ಅಜ್ಜ ಎರಡು ಹೆಜ್ಜೆ ಹಿಂದಕ್ಕೆ. "ಬ್ಯಾಡಪ್ಪ ಬ್ಯಾಡ. ನಾವು ಅವನ್ನ ನೋಡೋದಿರ್ಲಿ, ಅವ ನಮ್ಮನ್ನ ನೋಡದಿದ್ರೆ ಸಾಕು." ದೊಣ್ಣೆ ಹಿಡಿದೋರೆಲ್ಲಾ ನಕ್ಕುಬಿಟ್ರು, ನಾವೂ ನಕ್ವಿ, ಅಲ್ಲಿಗೆ ಜೀವ ಬಂತು. ನಾನು ಸಮಾಧಾನಕ್ಕೆ ಹೇಳ್ದೆ, ಅಜ್ಜಾರೇ, ಅವನು ಒಂದು ಸುತ್ತು ಬರೋಕೆ ಇಪ್ಪತ್ತೊಂಬತ್ತೂವರೆ ವರ್ಷ ತಗೋತಾನೆ, ಹನ್ನೆರಡು ರಾಶಿಗೆ ಹಂಚಿದ್ರೆ ರಾಶಿಗೆ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ, ನಿಮ್ಮ ಸಾಡೇ ಸಾತಿ ಲೆಕ್ಕ ಅಷ್ಟೇ, ನಿಧಾನವಾಗಿ ನಡೆಯೋ ಮನುಷ್ಯ, ಯಾರ ಮೇಲೂ ದ್ವೇಷ ಇಲ್ಲ ಅಂತ. ಅಜ್ಜ ನೋಡಿದ್ರು. ತುಂಬಾ ಹೊತ್ತು ನೋಡಿದ್ರು. ಆಮೇಲೆ ಕಣ್ಣು ತೆಗೆದು "ಕಿವ್ಯಾಗಿನ ಬೆಂಡೋಲೆ ಇದ್ದಂಗೈತೆ" ಅಂದ್ರು. ಅವತ್ತು ನಾವು ತಗೊಂಡು ಹೋಗಿದ್ದ ಮಂಡಕ್ಕಿ ಮೆಣಸಿನಕಾಯಿ ಅಷ್ಟೂ ಊರಿನೋರೇ ತಿಂದ್ರು.

ಹಂಗಾಗಿ ಪ್ಲಾನಿಂಗ್ ಅಂದ್ರೆ ಮೊದಲು ಹಗಲಲ್ಲಿ ಹೋಗಿ ಊರಿನೋರಿಗೆ ಹೇಳಿ ಬರೋದು. ಹೊಲದ ಯಜಮಾನರ ಒಪ್ಪಿಗೆ, ಪೊಲೀಸ್ ಠಾಣೆಗೆ ಒಂದು ಮಾತು. ಇದನ್ನ ಯಾವ ಆ್ಯಪ್ಪೂ ಹೇಳ್ಕೊಡಲ್ಲ.

ಈಗ ಜಾಗ. ಎಲ್ರೂ ಲಡಾಖಿನ ಹಾನ್ಲೆ ಫೋಟೋ ಕಳಿಸ್ತಾರೆ, ಅಲ್ಲಿ ಕತ್ತಲು ಅಂದ್ರೆ ಕತ್ತಲು, ಒಪ್ಪಿದೆ. ಆದ್ರೆ ನಮ್ಮ ದಾವಣಗೆರೆ ಇರೋದು ಸುಮಾರು 14.5 ಡಿಗ್ರಿ ಅಕ್ಷಾಂಶದಲ್ಲಿ, ಇದು ನಮಗೆ ಸಿಕ್ಕ ಲಾಟ್ರಿ. ಕೈ ಚಾಚಿ ಮುಷ್ಟಿ ಹಿಡಿದ್ರೆ ಹತ್ತು ಡಿಗ್ರಿ, ಧ್ರುವ ನಕ್ಷತ್ರ ನಮಗೆ ಉತ್ತರದಲ್ಲಿ ಒಂದೂವರೆ ಮುಷ್ಟಿ ಎತ್ತರ ಅಷ್ಟೇ. ಉತ್ತರದಲ್ಲಿ ಕಳ್ಕೊಂಡಿದ್ದು ದಕ್ಷಿಣದಲ್ಲಿ ಸಿಗುತ್ತೆ. ದಕ್ಷಿಣದ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ ನಮಗೆ ಎರಡು ಮುಷ್ಟಿಗಿಂತ ಮೇಲೆ ಬರ್ತಾನೆ, ದಿಲ್ಲಿಯೋರಿಗೆ ಒಂದು ಮುಷ್ಟೀನೂ ಇಲ್ಲ, ಲಂಡನ್ನಿನೋರಿಗೆ ಜನ್ಮದಲ್ಲಿ ಕಾಣಲ್ಲ. ಅಂದ್ಮೇಲೆ ನಮಗೆ ದಕ್ಷಿಣ ದಿಕ್ಕು ಕತ್ತಲಾಗಿರಬೇಕು, ಊರಿನ ಬೆಳಕು ಬೆನ್ನ ಹಿಂದೆ ಉತ್ತರಕ್ಕೆ ಬೀಳ್ಬೇಕು. ಕೊಂಡಜ್ಜಿ ಹತ್ರ ಇದೆ, ಚೆನ್ನಾಗಿದೆ, ಆದ್ರೆ ಅದು ಊರಿಗೆ ಉತ್ತರಕ್ಕೆ, ಅಲ್ಲಿಂದ ದಕ್ಷಿಣ ನೋಡಿದ್ರೆ ದಾವಣಗೆರೆ ಎಲ್‌ಇಡಿ ಎಲ್ಲಾ ಎದುರಿಗೇ. ಸೂಳೆಕೆರೆ ದಕ್ಷಿಣಕ್ಕಿದೆ, ಆದ್ರೆ ಆ ಕಡೆ ಅಡಿಕೆ ತೋಟ, ತೋಟದೊಳಗೆ ನಿಂತ್ರೆ ದಿಗಂತ ಎಲ್ಲಿ ಬಂತು, ಚಳಿಗಾಲದಲ್ಲಿ ನೀರ ಹತ್ರ ಇಬ್ಬನಿ ಬೇರೆ ಲೆನ್ಸ್ ಮೇಲೆ ಕೂರುತ್ತೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಎತ್ತರ ಇದೆ, ಊರಿಗೆ ದಕ್ಷಿಣ, ಲೆಕ್ಕಕ್ಕೆ ಸರಿಯಾಗೇ ಇದೆ, ಆದ್ರೆ ಅದು ಅರಣ್ಯ, ಅನುಮತಿ ಇಲ್ದೆ ಹೋಗೋ ಜಾಗ ಅಲ್ಲ, ಕರಡಿ ಚಿರತೆ ನಿಮ್ಮ ಐಡಿ ಕಾರ್ಡ್ ಕೇಳಲ್ಲ. ಗಾಳಿಯಂತ್ರದ ಕೆಂಪು ದೀಪ ಬೇರೆ ಮಿಣಿಮಿಣಿ ಅಂತಿರುತ್ತೆ. ನನ್ನ ಆಯ್ಕೆ, ಮೆಕ್ಕೆಜೋಳ ಮುರಿದು ಖಾಲಿಯಾಗಿರೋ ಪರಿಚಯದವರ ಹೊಲ. ಹೈವೇಯಿಂದ ದೂರ, ಕಣ ಇದ್ರೆ ಇನ್ನೂ ಉತ್ತಮ, ಸಮತಟ್ಟಾಗಿರುತ್ತೆ, ಮಲಗ್ಬಹುದು. ಟೆಲಿಸ್ಕೋಪ್ ಆಮೇಲೆ!

ಇನ್ನೊಂದು ವಿಷಯ, ಇದು ನಂಗೆ ಬಹಳ ದಿನದಿಂದ ಕೊರೀತಿದೆ. ನಮ್ಮ ರೈತರಿಗೆ ಮಳೆ ನಕ್ಷತ್ರದ ಹೆಸರೆಲ್ಲಾ ಬಾಯಿಪಾಠ. "ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ", "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ". ಆದ್ರೆ ರೋಹಿಣಿ ಎಲ್ಲಿದೆ ತೋರಿಸಿ ಅಂದ್ರೆ ನೂರಕ್ಕೆ ಒಬ್ರು ತೋರಿಸಲ್ಲ. ತಪ್ಪು ಅವರದ್ದಲ್ಲ. ರೋಹಿಣಿ ಮಳೆ ಅಂದ್ರೆ ಮೇ ಕೊನೆಗೆ ಸೂರ್ಯ ರೋಹಿಣಿ ಹತ್ರ ಇರೋ ಕಾಲ, ಅಂದ್ರೆ ಆ ನಕ್ಷತ್ರ ಹಗಲಲ್ಲಿ ಸೂರ್ಯನ ಜೊತೆ ಮುಳುಗಿಹೋಗಿರುತ್ತೆ. ಮಳೆ ಬರೋ ಹೊತ್ತಲ್ಲಿ ಆ ಮಳೆಯ ನಕ್ಷತ್ರ ಕಾಣೋದೇ ಇಲ್ಲ! ಆರು ತಿಂಗಳು ಬಿಟ್ಟು, ಡಿಸೆಂಬರಲ್ಲಿ, ಸೂರ್ಯ ಮುಳುಗ್ತಿದ್ದಂಗೆ ಪೂರ್ವದಲ್ಲಿ ಸಾಲಾಗಿ ಬರ್ತವೆ, ಕೃತ್ತಿಕೆ ಗೊಂಚಲು, ಅದರ ಹಿಂದೆ ಕೆಂಪಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರಾ. ಮುಂಗಾರಿನ ಮಳೆಯೆಲ್ಲಾ ಚಳಿಗಾಲದ ಆಕಾಶದಲ್ಲಿ ಒಣಗಾಕಿದಂಗೆ. ಅದಕ್ಕೇ ಎಳ್ಳಮಾವಾಸ್ಯೆ ಅಂತ ಹಠ ಹಿಡಿದಿರೋದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅವತ್ತು ಮನೆಮಂದಿಯೆಲ್ಲಾ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದ್ರೆ ಮಾಡಿದ ಅಡುಗೆನ ಭೂಮಿತಾಯಿಗೆ ಅಂತ ಹೊಲದಲ್ಲಿ ಎರಚಿ, ಅಲ್ಲೇ ಉಣ್ತಾರೆ. ಅಮಾವಾಸ್ಯೆ ದಿನ ಹೊಲಕ್ಕೆ ಹೋಗೋದು ಇದೆ ಅಂತಾಯ್ತಲ್ಲ, ಸಂಜೆ ವಾಪಸ್ ಬರದೆ ಅಲ್ಲೇ ಇದ್ಬಿಡೋಣ ಅಂತಿದೀನಿ ಅಷ್ಟೆ.

ಚೀಟಿ ಬಂತು. ಐದು ನಿಮಿಷ ಅಂತೆ. ಸಾಮಾನು ಬೇಗ ಹೇಳಿಬಿಡ್ತೀನಿ. ಟೆಲಿಸ್ಕೋಪ್ ಕೇಳಿದೋರಿಗೆ ಉತ್ತರ ಇದು, 7×50 ಅಥವಾ 10×50, ಅಂದ್ರೆ ಏಳು ಇಲ್ಲ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ, 50 ಮಿಲಿಮೀಟರ್ ಅಗಲದ ಲೆನ್ಸಿನ ಬೈನಾಕ್ಯುಲರ್ ಇದ್ರೆ ಸಾಕು, ಇಲ್ದಿದ್ರೆ ಬರೀ ಕಣ್ಣು. ಕಣ್ಣು ಕತ್ತಲಿಗೆ ಒಗ್ಗೋಕೆ ಅರ್ಧ ಗಂಟೆ ಬೇಕು, ಯಾರಾದ್ರೂ ಒಬ್ರು ಸೆಲ್ಫಿಗೆ ಫ್ಲಾಶ್ ಹಾಕಿದ್ರೆ ಎಲ್ರ ಅರ್ಧ ಗಂಟೆ ಹೋಯ್ತು, ಮೊಬೈಲ್ ಜೇಬಲ್ಲೇ ಇರ್ಲಿ. ಕಂಬಳಿ ತನ್ನಿ, ಚಳ್ಳಕೆರೆ ಕಂಬಳಿ ಮನೇಲಿದ್ರೆ ಅದೇ, ಇಬ್ಬನಿಗೆ ಅದ್ರ ಮುಂದೆ ಯಾವ ಜಾಕೆಟ್ಟೂ ಇಲ್ಲ. ಬೂಟು ಕಡ್ಡಾಯ, ಹಾವಿನ ವಿಷಯ ಬಿಡಿಸಿ ಹೇಳೋದು ಬೇಡ. ಬೆಣ್ಣೆ ದೋಸೆ ಪಾರ್ಸಲ್ ಬೇಡ, ಆರಿದ್ಮೇಲೆ ಅದು ದೋಸೆ ಅಲ್ಲ.

ಆಂಡ್ರೊಮಿಡಾ ಗ್ಯಾಲಕ್ಸಿ ಬಗ್ಗೆ ಹೇಳ್ಬೇಕಿತ್ತು, 25 ಲಕ್ಷ ವರ್ಷ ಹಳೇ ಬೆಳಕು, ಸಾಯಂಕಾಲ ಉತ್ತರದಲ್ಲಿ ಎತ್ತರಕ್ಕೆ ಇರುತ್ತೆ, ಅಲ್ಲೇ ತೋರಿಸ್ತೀನಿ. ಅಗಸ್ತ್ಯ ನಡುರಾತ್ರಿ ಹೊತ್ತಿಗೆ ನೇರ ದಕ್ಷಿಣಕ್ಕೆ. ತ್ರಿಶಂಕು, ಅಂದ್ರೆ ದಕ್ಷಿಣದಲ್ಲಿ ಶಿಲುಬೆ ಥರ ಕಾಣೋ ನಕ್ಷತ್ರಪುಂಜ, ನೋಡ್ಬೇಕು ಅನ್ನೋರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದಿರ್ಬೇಕು, ನಾನು ಎಬ್ಬಿಸ್ತೀನಿ, ಬೈಬೇಡಿ. ಯಾರೂ ಮೂರು ಗಂಟೆಗೆ ಗಾಡಿ ಓಡಿಸ್ಕೊಂಡು ವಾಪಸ್ ಹೊರಡೋದು ಬೇಡ, ಹೈವೇಲಿ ಲಾರಿಗಳು, ನಿಮ್ಮ ಕಣ್ಣಲ್ಲಿ ನಿದ್ದೆ. ಬೆಳಕು ಹರಿದ ಮೇಲೆ ಚಾ ಕುಡಿದು ಹೋಗೋಣ.

ಮತ್ತೆ ಚೀಟಿ. ಆಯ್ತು ಆಯ್ತು. ಬಾಗಿಲ ಹತ್ರ ಒಂದು ಪಟ್ಟಿ ಇಟ್ಟಿದೀವಿ, ಹೆಸರು ಬರೀರಿ, ಕಾರ್ ಇರೋರು ಎಷ್ಟು ಸೀಟ್ ಖಾಲಿ ಅಂತ ಬರೀರಿ, ಎಕ್ಸ್‌ಟ್ರಾ ಕಂಬಳಿ ಇದ್ರೆ ಅದನ್ನೂ ಬರೀರಿ. ರಾಶಿ ಬರೆಯೋದು ಬೇಡ.