ತಂಬೂರಿಗೆ ಏದುಸಿರು ಬಂದಾಗ

ಎಲ್ಲರಿಗೂ ನಮಸ್ಕಾರ. ಪಾರದರ್ಶಕ ಕಂಪ್ರೆಸರ್ ಪ್ಲಗಿನ್ ಯಾವುದು ಎಂಬುದು ಇವತ್ತಿನ ಪ್ರಶ್ನೆ. ಪ್ಲಗಿನ್ ಎಂದರೆ ರೆಕಾರ್ಡಿಂಗ್ ತಂತ್ರಾಂಶಕ್ಕೆ ಜೋಡಿಸುವ ಸಾಧನ.

ಕೆಲವು ವರ್ಷಗಳ ಹಿಂದೆ ಇಲ್ಲೇ ಮೈಸೂರಿನ ಕೃಷ್ಣರಾಜ ಮೊಹಲ್ಲಾದ ಒಂದು ಮನೆಯಲ್ಲಿ ವೀಣಾವಾದನ ರೆಕಾರ್ಡ್ ಮಾಡಿದ್ದೆ. ವೀಣೆ, ಮೃದಂಗ, ತಂಬೂರಿ, ಅಷ್ಟೇ. ಸರಸ್ವತಿಪುರಂನ ನನ್ನ ಕೋಣೆಯಲ್ಲಿ ಕೂತು ಮಿಕ್ಸ್ ಮಾಡಿ, ಕೊನೆಗೆ ಎಲ್ಲಕ್ಕೂ ಸೇರಿಸಿ, ಜೋರು ದನಿಯನ್ನು ತಾನಾಗಿ ತಗ್ಗಿಸುವ ಒಂದು ಕಂಪ್ರೆಸರ್ ಹಾಕಿದೆ. ದನಿ ತುಂಬಿಕೊಂಡಂತೆ ಕೇಳಿಸಿತು, ಹೆಮ್ಮೆಯಿಂದ ವೀಣೆ ಟೀಚರ್‌ಗೆ ಕೇಳಿಸಿದೆ. ಅವರು ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ವೀಣೆ ಚೆನ್ನಾಗಿ ಬಂದಿದೆ ಕಣಪ್ಪ. ಆದರೆ ತಂಬೂರಿಗೆ ಯಾಕೋ ಏದುಸಿರು ಬಂದ ಹಾಗಿದೆಯಲ್ಲ?" ಎಂದರು.

ಮನೆಗೆ ಬಂದು ಮತ್ತೆ ಕೇಳಿದೆ. ಮೃದಂಗದ ಎಡಬದಿಯಿಂದ 'ತೋಂ' ಬಿದ್ದಾಗೆಲ್ಲ ತಂಬೂರಿ ತಗ್ಗುತ್ತಿತ್ತು, ಮರುಕ್ಷಣ ಮೇಲೆದ್ದು ಬರುತ್ತಿತ್ತು. ರೇಶಿಯೊ 4ಕ್ಕೆ 1, ರಿಲೀಸ್ 80 ಮಿಲಿಸೆಕೆಂಡ್, ಪ್ರತಿ ಪೆಟ್ಟಿಗೂ ಐದಾರು ಡೆಸಿಬಲ್ ಇಳಿತ (ಈ ಪದಗಳ ಅರ್ಥ ಈಗಲೇ ಹೇಳುತ್ತೇನೆ). ತಪ್ಪು ಪೂರ್ತಿ ನನ್ನದು. ಇವತ್ತು ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನಿಂದ ಕಲಿತದ್ದು.

ಕಂಪ್ರೆಸರ್ ಎಂದರೆ ಒಂದು ಕಿವಿ, ಒಂದು ಕೈ. ಕಿವಿ ದನಿಯ ಮಟ್ಟವನ್ನು ಅಳೆಯುತ್ತದೆ, ಗೆರೆ ದಾಟಿದರೆ ಕೈ ಫೇಡರ್, ಅಂದರೆ ದನಿ ಏರಿಳಿಸುವ ಗುಂಡಿ, ಇಳಿಸುತ್ತದೆ. ಆ ಗೆರೆಯೇ ಥ್ರೆಶೋಲ್ಡ್. ರೇಶಿಯೊ 2ಕ್ಕೆ 1 ಇದ್ದು, ದನಿ ಗೆರೆಯಿಂದ 6 ಡೆಸಿಬಲ್ ಮೇಲೆ ಹೋದರೆ, ಹೊರಬರುವುದು ಗೆರೆಯಿಂದ 3 ಡೆಸಿಬಲ್ ಮೇಲೆ. ಕೈ ಎಷ್ಟು ಬೇಗ ಇಳಿಸುತ್ತದೆ ಎಂಬುದು ಅಟ್ಯಾಕ್, ಎಷ್ಟು ಬೇಗ ಬಿಡುತ್ತದೆ ಎಂಬುದು ರಿಲೀಸ್. ನನ್ನ ಮಿಕ್ಸ್‌ನಲ್ಲಿ ಕಿವಿ ಕೇಳಿದ್ದು ಮೃದಂಗವನ್ನು, ಕೈ ಇಳಿಸಿದ್ದು ಎಲ್ಲವನ್ನೂ.

ಹಾಗಾದರೆ ಪಾರದರ್ಶಕ ಕಂಪ್ರೆಸರ್ ಯಾವುದು? ಕೆಲಸ ನಡೆದಿದೆ ಎಂದು ಕೇಳುಗನಿಗೆ ಗೊತ್ತೇ ಆಗದಂಥದ್ದು. ಈ ಉಪಕರಣ ಹುಟ್ಟಿದಾಗ ಇದ್ದ ಆಸೆಯೂ ಹೆಚ್ಚುಕಡಿಮೆ ಅದೇ: 1930ರ ದಶಕದಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್‌ಗೆ ಮಿತಿಮೀರಿದ ದನಿ ಹೋಗದಂತೆ ತಡೆಯಲು ಇಂಥವನ್ನು ಕಟ್ಟಿದರು. (ಅದೇ ದಶಕದಲ್ಲಿ, 1935ರಲ್ಲಿ, ನಮ್ಮ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ಶುರು ಮಾಡಿದ್ದು. ಆ ಮನೆಯ ದಾರಿಯಲ್ಲಿ ಹೋದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.) ಆಮೇಲೆ ಬಂದ ಎಲ್‌ಎ-2ಎ, 1176ರಂಥ ಕಂಪ್ರೆಸರ್ ಯಂತ್ರಗಳು ತಮ್ಮದೇ ಬಣ್ಣ ಬಳಿದವು, ಜನ ಆ ಬಣ್ಣವನ್ನೇ ಪ್ರೀತಿಸಿದರು. ಎಲ್‌ಎ-2ಎ ಒಳಗೆ ಬೆಳಕಿನಿಂದ ಕೆಲಸ ಮಾಡುವ ಭಾಗವಿದೆ. ಅದು ಅರ್ಧ ಹಿಡಿತವನ್ನು ಸುಮಾರು 60 ಮಿಲಿಸೆಕೆಂಡಿನಲ್ಲಿ ಬಿಟ್ಟು, ಉಳಿದರ್ಧವನ್ನು ಅರ್ಧ ಸೆಕೆಂಡಿನಿಂದ ಐದು ಸೆಕೆಂಡಿನವರೆಗೆ ನಿಧಾನವಾಗಿ ಬಿಡುತ್ತದೆ. ಸಿನಿಮಾ ಹಾಡಿನ ಗಾಯನಕ್ಕೆ ಅದರ ಪ್ಲಗಿನ್ ರೂಪವನ್ನು ನಾನೂ ಬಳಸುತ್ತೇನೆ. ವೀಣೆಗೆ ಬಳಸಲು ಮನಸ್ಸು ಬರುವುದಿಲ್ಲ.

ಕಾರಣ ನಮ್ಮ ವೀಣಾವಾದನದ ಶೈಲಿಯಾದ ಮೈಸೂರು ಬಾನಿಯಲ್ಲೇ ಇದೆ. ವೈಣಿಕ ದೊರೆಸ್ವಾಮಿ ಅಯ್ಯಂಗಾರರ ವಾದನ ಕೇಳಿದವರಿಗೆ ಗೊತ್ತು: ಒಂದು ಮೀಟು, ಆಮೇಲೆ ತಂತಿ ಎಳೆದು ಹೊರಡುವ ಗಮಕ. ನಾದ ಕರಗುತ್ತಾ ಹೋಗುವುದೂ ಆ ಸಂಗೀತದ ಭಾಗ. ಸ್ವರ ಕರಗುವಾಗ ಕಂಪ್ರೆಸರ್‌ನ ಕೈ ಹಿಡಿತ ಬಿಡುತ್ತದೆ, ಅಂದರೆ ಕರಗುವ ದನಿಯನ್ನು ಮೇಲೆತ್ತುತ್ತದೆ. ವಾದಕರು ಬೆರಳಲ್ಲಿ ಬರೆದ ಇಳಿಜಾರನ್ನು ನಾವು ಸಮತಟ್ಟು ಮಾಡಿದಂತಾಯಿತು. ಅದು ನಮ್ಮ ಹಕ್ಕಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಎರಡು ತೊಂದರೆ ಇವೆ, ಇವು ಪ್ಲಗಿನ್‌ನ ಗುಣಕ್ಕೂ ಸಂಬಂಧಿಸಿದವು. 50 ಹರ್ಟ್ಸ್‌ನ ಒಂದು ಅಲೆ ಮುಗಿಯಲು 20 ಮಿಲಿಸೆಕೆಂಡ್ ಬೇಕು, 100 ಹರ್ಟ್ಸ್‌ಗೆ 10. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ಚುರುಕಾದರೆ ಕೈ ಒಂದೇ ಅಲೆಯ ಒಳಗೇ ಏರಿಳಿದು ಅಲೆಯ ಆಕಾರವನ್ನೇ ಕೆಡಿಸುತ್ತದೆ. ಮಂದ್ರ ಒಡೆದಂತೆ ಕೇಳಿಸುವುದು ಆಗಲೇ. ಎರಡನೆಯದು ಕಂಸಾಳೆಯಂಥ ಕಂಚಿನ ವಾದ್ಯಗಳಲ್ಲಿ ಬೇಗ ಸಿಕ್ಕಿಬೀಳುತ್ತದೆ. ಫೇಡರ್ ಅತಿ ವೇಗವಾಗಿ ಅಲುಗಿದಾಗ ಮೂಲದಲ್ಲಿ ಇಲ್ಲದ ಆವರ್ತನಗಳು ಹುಟ್ಟುತ್ತವೆ. 44.1 ಕಿಲೊಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುವ, ಪ್ರಾಜೆಕ್ಟ್‌ನಲ್ಲಿ ಅದರ ಅರ್ಧವಾದ 22,050 ಹರ್ಟ್ಸ್ ಮೀರಿದ ಆವರ್ತನ ಗೋಡೆಗೆ ಹೊಡೆದ ಚೆಂಡಿನಂತೆ ಕೆಳಗೆ ಮರಳುತ್ತದೆ, ಕಂಸಾಳೆಯ ಇಂಪಾದ 'ಝಣ್' ಮೇಲೆ ಮರಳು ಎರಚಿದಂತೆ ಕೇಳುತ್ತದೆ. ಓವರ್‌ಸ್ಯಾಂಪ್ಲಿಂಗ್ (ಒಳಗೊಳಗೇ ಅದಕ್ಕಿಂತ ಹೆಚ್ಚು ಸಲ ಅಳೆದು ಲೆಕ್ಕ ಹಾಕುವ) ಸೌಲಭ್ಯ ಇರುವುದು ಇದನ್ನು ತಗ್ಗಿಸಲಿಕ್ಕೇ.

ಹೆಸರು ಹೇಳಿ ಎಂದು ನೀವು ಕಾಯುತ್ತಿದ್ದೀರಿ. ಹಣ ಇಲ್ಲದವರು ಟೋಕಿಯೊ ಡಾನ್ ಲ್ಯಾಬ್ಸ್‌ನ ಕೊಟೆಲ್ನಿಕೊವ್‌ನಿಂದ ಶುರು ಮಾಡಿ, ಅದರ ಮೂಲ ಆವೃತ್ತಿ ಉಚಿತ. ಥಟ್ಟನೆ ಬರುವ ಪೆಟ್ಟಿಗೂ ಸರಾಸರಿ ಮಟ್ಟಕ್ಕೂ ಅದರಲ್ಲಿ ಬೇರೆಬೇರೆ ರಿಲೀಸ್ ಇದೆ. ಮೃದಂಗದ ಪೆಟ್ಟು, ತಂಬೂರಿಯ ಹರಿವು ಎರಡೂ ಒಟ್ಟಿಗಿರುವ ನಮ್ಮ ಸಂಗೀತಕ್ಕೆ ಇದು ದೊಡ್ಡ ಅನುಕೂಲ. ಫ್ಯಾಬ್‌ಫಿಲ್ಟರ್‌ನ ಪ್ರೋ-ಸಿ 2ರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಲಿಯುವವರಿಗೆ ಒಳ್ಳೆಯದು. ಲುಕ್‌ಅಹೆಡ್ (ಬರಲಿರುವ ದನಿಯನ್ನು ಮುಂಚಿತವಾಗಿ ನೋಡುವುದು) 20 ಮಿಲಿಸೆಕೆಂಡಿನವರೆಗೆ, ಓವರ್‌ಸ್ಯಾಂಪ್ಲಿಂಗ್ ನಾಲ್ಕು ಪಟ್ಟು. ಸಾಫ್ಟ್‌ಟ್ಯೂಬ್ ತಂದಿರುವ ವೈಸ್ ಡಿಎಸ್1 ಮಾಸ್ಟರಿಂಗ್‌ಗೆ (ಮಿಕ್ಸ್‌ಗೆ ಕೊನೆಯ ಹದ ಕೊಡುವುದಕ್ಕೆ) ಹೆಸರಾದ ಡಿಜಿಟಲ್ ಯಂತ್ರದ ಪ್ಲಗಿನ್ ರೂಪ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವರ ಕೈಯಲ್ಲಿ ರೀಕಾಂಪ್ ಈಗಾಗಲೇ ಇದೆ, ನೋಡಲು ಸಪ್ಪೆ, ಕೆಲಸದಲ್ಲಿ ಪ್ರಾಮಾಣಿಕ. ಆದರೆ ಇವುಗಳಲ್ಲಿ ಯಾವುದನ್ನೇ ನಾನು ಅವತ್ತು ಅದೇ ಸೆಟ್ಟಿಂಗ್‌ನಲ್ಲಿ ಹಾಕಿದ್ದರೂ ತಂಬೂರಿ ಏದುಸಿರು ಬಿಡುತ್ತಲೇ ಇತ್ತು.

ಹಾಗಾಗಿ ಪರೀಕ್ಷೆ ಮುಖ್ಯ. ಮೊದಲು, ಇಳಿದ ದನಿಯನ್ನು ಮತ್ತೆ ಏರಿಸುವ ಮೇಕಪ್ ಗೇನ್‌ನ ಆಟೊ ಗುಂಡಿ ಆರಿಸಿ. ಅರ್ಧ ಡೆಸಿಬಲ್ ಜೋರಾದದ್ದನ್ನೂ ಕಿವಿ 'ಚೆನ್ನಾಗಿದೆ' ಎಂದು ಒಪ್ಪಿಬಿಡುತ್ತದೆ. ಲೌಡ್‌ನೆಸ್ ಮೀಟರ್ ಇಟ್ಟು, ಬೈಪಾಸ್ ಮಾಡಿದಾಗಲೂ (ಕಂಪ್ರೆಸರ್ ತಪ್ಪಿಸಿದಾಗಲೂ) ಮಾಡದಿದ್ದಾಗಲೂ ಅದೇ ಅಂಕೆ ಬರುವಂತೆ ಹೊಂದಿಸಿ, ಆಮೇಲೆ ತೀರ್ಪು ಕೊಡಿ. ಎರಡನೆಯದು ವ್ಯತ್ಯಾಸವನ್ನು ಮಾತ್ರ ಕೇಳುವುದು. ಕೊಟೆಲ್ನಿಕೊವ್‌ನಲ್ಲಿ ಡೆಲ್ಟಾ ಎಂಬ ಗುಂಡಿಯೇ ಇದೆ. ಇಲ್ಲದಿದ್ದರೆ ಮೂಲ ಟ್ರ್ಯಾಕ್‌ನ ಪ್ರತಿ ಮಾಡಿ, ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಕೂಡಿಸಿ. ಉಳಿಯುವುದರಲ್ಲಿ ಪೆಟ್ಟಿನ ಅಂಚು ಮಾತ್ರ ಮೆಲ್ಲಗೆ ಕೇಳಿದರೆ ಸರಿ. ಇಡೀ ಮೀಟು, ಇಡೀ ಸ್ವರ ಅಲ್ಲಿ ಹಾಡುತ್ತಿದ್ದರೆ ನೀವು ಅದನ್ನು ವಾದಕರಿಂದ ಕಿತ್ತುಕೊಂಡಿದ್ದೀರಿ.

ಆ ಮಿಕ್ಸ್ ಅನ್ನು ನಾನು ಮತ್ತೆ ಮಾಡಿದೆ. ಮೃದಂಗಕ್ಕೆ ಅದರ ಟ್ರ್ಯಾಕ್‌ನಲ್ಲೇ ಕಂಪ್ರೆಸರ್. ವೀಣೆಗೆ ಏನೂ ಇಲ್ಲ, ಜೋರಾದ ನಾಲ್ಕಾರು ಮೀಟುಗಳನ್ನು ಕೈಯಿಂದ ಫೇಡರ್ ಬರೆದು ತಗ್ಗಿಸಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಕೊನೆಯಲ್ಲಿ ಎಲ್ಲದರ ಮೇಲೆ ರೇಶಿಯೊ 1.5ಕ್ಕೆ 1, ಅಟ್ಯಾಕ್ 30 ಮಿಲಿಸೆಕೆಂಡ್, ರಿಲೀಸ್ 200, ಇಳಿತ ಒಂದು ಡೆಸಿಬಲ್ ಆಸುಪಾಸು. ಜೊತೆಗೆ ಸೈಡ್‌ಚೈನ್ ಫಿಲ್ಟರ್ ಹಾಕಿ ಕಿವಿಗೆ ಮಾತ್ರ ಮಂದ್ರ ಕೇಳಿಸದಂತೆ ಮಾಡಿದೆ. ಹೊರಬರುವ ದನಿಯಲ್ಲಿ ಮಂದ್ರ ಹಾಗೇ ಇರುತ್ತದೆ, 'ತೋಂ' ಬಿದ್ದರೂ ಕೈ ಅಲುಗುವುದಿಲ್ಲ.

ಈಗ ಎರಡು ಫೈಲ್ ಹಾಕುತ್ತೇನೆ. ಮೊದಲು ಹಳೆಯದು, ಆಮೇಲೆ ಹೊಸದು, ಲೌಡ್‌ನೆಸ್ ಎರಡರದ್ದೂ ಒಂದೇ. ದಯವಿಟ್ಟು ವೀಣೆಯನ್ನು ಕೇಳಬೇಡಿ, ಮೃದಂಗವನ್ನೂ ಬೇಡ. ತಂಬೂರಿಯನ್ನಷ್ಟೇ ಹಿಡಿದುಕೊಂಡು ಕೂತಿರಿ. ಆ ಫ್ಯಾನ್ ಒಂದು ಆರಿಸುತ್ತೀರಾ?