ಕೇಳುವವರ ಕಡೆಯಿಂದ ನೋಡಿದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಆಕಾಶವಾಣಿ, ದೂರದರ್ಶನ ಎರಡೂ ಡಿಜಿಟಲ್ ಆಗುತ್ತಿವೆ ಎಂದು ಪತ್ರಿಕೆಗಳಲ್ಲಿ ಓದುತ್ತಿರುತ್ತೀರಿ. ಕೆಲಸ ನಿಜಕ್ಕೂ ನಡೆಯುತ್ತಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಇವೆರಡನ್ನೂ ನಡೆಸುವ ಪ್ರಸಾರ ಭಾರತಿಗಾಗಿ ಬಿಂಡ್ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊತ್ತ 2,539 ಕೋಟಿ ರೂಪಾಯಿಗೂ ಜಾಸ್ತಿ. ಹೊಸ ಟ್ರಾನ್ಸ್‌ಮಿಟರು, ಹೊಸ ಸ್ಟುಡಿಯೊ ಉಪಕರಣ, ಎಫ್‌ಎಂ ವಿಸ್ತರಣೆ ಎಲ್ಲ ಅದರಲ್ಲಿದೆ. ಅದೇ ವರ್ಷ ಏಪ್ರಿಲ್ 28ರಂದು ದೇಶದ 91 ಕಡೆ 100 ವಾಟ್‌ನ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರುಗಳು ಒಂದೇ ದಿನ ಶುರುವಾದವು. 2024ರ ನವೆಂಬರಿನಲ್ಲಿ ಫೋನಿನಲ್ಲೇ ನೋಡಲು, ಕೇಳಲು ಪ್ರಸಾರ ಭಾರತಿಯ ವೇವ್ಸ್ ಎಂಬ ಆಪ್ ಬಂತು.

ಇದೆಲ್ಲ ಆಗಲೇಬೇಕಿತ್ತು. ಹಳೆಯ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಅದರ ನಾಡಿ ಬಲ್ಲ ಇಂಜಿನಿಯರುಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಆದರೂ ಈ ಪಟ್ಟಿ ಓದುವಾಗ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕಳಿಸುವವರ ಕಡೆ ಇಷ್ಟೆಲ್ಲ ಆಗುತ್ತಿದೆ, ಸರಿ. ಕೇಳುವವರ ಕಡೆ ಏನಾಗುತ್ತಿದೆ? ಕೇಳುವ ಸೆಟ್ಟು ಕೈಗೆ ಸಿಗುತ್ತದಾ? ಬೇಕಾದ ಧ್ವನಿ ಹುಡುಕಿದಾಗ ಸಿಗುತ್ತದಾ?

ಮೊದಲು ಸೆಟ್ಟಿನ ವಿಷಯ. ಮನೆಯ ಹಿರಿಯರಿಗೆ ರೇಡಿಯೊ ಅಂದರೆ ಮೀಡಿಯಂ ವೇವ್. ಬೆಂಗಳೂರು 612, ಧಾರವಾಡ 765, ಭದ್ರಾವತಿ 675 ಕಿಲೋಹರ್ಟ್ಸ್. ಮುಳ್ಳು ಎಲ್ಲಿ ನಿಲ್ಲಬೇಕು ಅಂತ ಬೆರಳಿಗೇ ಗೊತ್ತಿರುತ್ತಿತ್ತು. ಈ ಅಲೆಗಳು ನೆಲ ಹಿಡಿದು ಸಾಗುತ್ತವೆ, ಗುಡ್ಡ ಬಂದರೆ ಬಳಸಿಕೊಂಡು ಹೋಗುತ್ತವೆ. ಎಫ್‌ಎಂ ಹಾಗಲ್ಲ. ಅದರ ಧ್ವನಿ ಶುದ್ಧ, ಆದರೆ ದಾರಿ ನೇರ. ಮಲೆನಾಡಿನಲ್ಲಿ ಓಡಾಡುವವರಿಗೆ ಇದು ಚೆನ್ನಾಗಿ ಗೊತ್ತು. ಘಾಟಿಯ ಒಂದು ತಿರುವಿನಲ್ಲಿ ಹಾಡು ಸ್ಪಷ್ಟ, ಮುಂದಿನ ತಿರುವಿನಲ್ಲಿ ಬರೀ ಗೊರ ಗೊರ.

ಹಾಗಂತ ಹಳೆಯ ಮೀಡಿಯಂ ವೇವ್ ಇದ್ದ ಹಾಗೇ ಇರಲಿ ಅನ್ನುವಂತೆಯೂ ಇಲ್ಲ. ಅದಕ್ಕೆ ವಿಪರೀತ ಕರೆಂಟು ಬೇಕು. ಕಳಿಸುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲಾದರೂ ಮಾತು, ಹಾಡು ಏನೂ ಇಲ್ಲದ ವಾಹಕ ಅಲೆಗೇ ಹೋಗುತ್ತದೆ. ಉದ್ಘೋಷಕರು ಸುಮ್ನೆ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ಈ ಖರ್ಚು ತಾಳದೆ ಹಲವು ಕಡೆ ಮೀಡಿಯಂ ವೇವ್ ನಿಲ್ಲಿಸಿದ್ದಾರೆ.

ಇದಕ್ಕೆ ಒಂದು ಒಳ್ಳೆಯ ಪರಿಹಾರ ಇದೆ. ಡಿಆರ್‌ಎಂ ಎಂಬ ಡಿಜಿಟಲ್ ರೇಡಿಯೊ. ಅದೇ ಮೀಡಿಯಂ ವೇವ್, ಆದರೆ ಧ್ವನಿ ಡಿಜಿಟಲ್ ರೂಪದಲ್ಲಿ ಹೋಗುತ್ತದೆ. ಕಡಿಮೆ ಕರೆಂಟಿನಲ್ಲಿ ದೂರಕ್ಕೆ ತಲುಪುತ್ತದೆ. ಒಂದೇ ಟ್ರಾನ್ಸ್‌ಮಿಟರಿನಿಂದ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ ಕಳಿಸಬಹುದು. ಸೆಟ್ಟಿನ ಪರದೆ ಮೇಲೆ ಅಕ್ಷರಗಳೂ ಬರುತ್ತವೆ. ವಿಪತ್ತಿನ ಸಮಯದಲ್ಲಿ ಎಚ್ಚರಿಕೆ ಕಳಿಸಿದರೆ, ಅದಕ್ಕೆ ತಕ್ಕ ಹಾಗೆ ತಯಾರಾದ ಸೆಟ್ಟು ತಾನೇ ಆ ಪ್ರಸಾರಕ್ಕೆ ತಿರುಗಿಕೊಳ್ಳುತ್ತದೆ. ಆಕಾಶವಾಣಿ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಇಂಥ ಟ್ರಾನ್ಸ್‌ಮಿಟರು ಹಾಕಿದೆ. ನಮ್ಮ ಬೆಂಗಳೂರು, ಧಾರವಾಡ ಎರಡೂ ಆ ಪಟ್ಟಿಯಲ್ಲಿವೆ.

ಈಗ ಪೇಟೆಗೆ ಹೋಗಿ ಒಂದು ಡಿಆರ್‌ಎಂ ರೇಡಿಯೊ ಕೊಡಿ ಅಂತ ಕೇಳಿ ನೋಡಿ. ಅಂಗಡಿಯವರು ಆ ಹೆಸರನ್ನೇ ಕೇಳಿರುವುದಿಲ್ಲ. ಹುಡುಕಿ ತರಿಸಿದರೆ ಬೆಲೆ ಸಾವಿರಗಳಲ್ಲಿ. ಸದ್ಯಕ್ಕೆ ಡಿಆರ್‌ಎಂ ರಿಸೀವರ್ ಇರುವುದು ಹೆಚ್ಚಾಗಿ ಹೊಸ ಕಾರುಗಳಲ್ಲಿ. ಅಂದರೆ ಕಾರು ಇದ್ದವರಿಗೆ ಸಿಕ್ಕಿದೆ. ಬೆಳಗ್ಗೆ ಹಾಲು ಕರೆಯುತ್ತಾ ವಾರ್ತೆ ಕೇಳುವವರಿಗೆ ಸಿಕ್ಕಿಲ್ಲ. ಹೊಲದ ಬದುವಿನ ಮೇಲೆ ಸೆಟ್ಟು ಇಟ್ಟು ಕೃಷಿರಂಗ ಕೇಳುವ ರೈತರಿಗೆ ಸಿಕ್ಕಿಲ್ಲ. ಹಾಸಿಗೆ ಹಿಡಿದ ಅಜ್ಜಿಗೆ ಸಿಕ್ಕಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗಾಯಿತು ಅಲ್ವಾ?

ನಾರ್ವೆ ದೇಶ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಆದರೆ ಅದಕ್ಕೂ ಮೊದಲು, 2011ರಲ್ಲೇ, ಅಲ್ಲಿನ ಸಂಸತ್ತು ಕೆಲವು ಷರತ್ತು ಹಾಕಿತ್ತು. ಸಾರ್ವಜನಿಕ ಪ್ರಸಾರ ಸಂಸ್ಥೆಯ ಡಿಜಿಟಲ್ ಪ್ರಸಾರ ಎಫ್‌ಎಂನಷ್ಟೇ ದೂರ ತಲುಪಬೇಕು. ಕೇಳುಗರಲ್ಲಿ ಕನಿಷ್ಠ ಅರ್ಧದಷ್ಟು ಜನ ಆಗಲೇ ದಿನವೂ ಡಿಜಿಟಲ್‌ನಲ್ಲಿ ಕೇಳುತ್ತಿರಬೇಕು. ಸ್ಥಳೀಯ ಪುಟ್ಟ ಕೇಂದ್ರಗಳು ಎಫ್‌ಎಂನಲ್ಲೇ ಉಳಿದವು. ನಮ್ಮ ದೇಶ ನಾರ್ವೆಯಲ್ಲ, ಗೊತ್ತು. ಆದರೆ ಕೇಳುವವರನ್ನು ಮೊದಲು ಎಣಿಸಿ, ಆಮೇಲೆ ಸ್ವಿಚ್ ಆರಿಸುವ ಕ್ರಮವನ್ನು ನಾವೂ ಇಟ್ಟುಕೊಳ್ಳಬಹುದು.

ಅಷ್ಟು ದೂರ ಯಾಕೆ, ದೂರದರ್ಶನವೇ ಇದನ್ನು ಮಾಡಿ ತೋರಿಸಿದೆ. 2004ರ ಡಿಸೆಂಬರಿನಲ್ಲಿ ಶುರುವಾದ ಡಿಶ್ ಸೇವೆ, ಈಗಿನ ಡಿಡಿ ಫ್ರೀ ಡಿಶ್, ಹಳ್ಳಿ ಮನೆಗಳಲ್ಲಿ ಗೆದ್ದದ್ದು ಹೇಗೆ? ತಟ್ಟೆ, ಪೆಟ್ಟಿಗೆಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ತಿಂಗಳ ಬಾಡಿಗೆ ಇಲ್ಲ. ಈಗ ಬಂದ ಬಿಂಡ್ ಯೋಜನೆಯಲ್ಲೂ ದೂರದ, ಬುಡಕಟ್ಟು ಜನರಿರುವ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಪೆಟ್ಟಿಗೆ ಉಚಿತವಾಗಿ ಹಂಚುವ ಮಾತಿದೆ. ಟಿವಿಗೆ ಇದು ಹೊಳೆದಿದೆ. ರೇಡಿಯೊಕ್ಕೂ ಹೊಳೆಯಬೇಕು. ಅಗ್ಗದ ಡಿಜಿಟಲ್ ಸೆಟ್ಟು ಇಲ್ಲೇ ತಯಾರಾಗಲಿ. ಶಾಲೆ, ಅಂಗನವಾಡಿ, ಗ್ರಾಮ ಪಂಚಾಯಿತಿಗಳಿಗೆ ಸರ್ಕಾರವೇ ಮೊದಲು ಕೊಂಡು ಕೊಡಲಿ. ಬೇಡಿಕೆ ಇದ್ದರೆ ಬೆಲೆ ತಾನಾಗಿ ಇಳಿಯುತ್ತದೆ.

ಆಪ್ ಇದೆಯಲ್ಲ, ಫೋನಿನಲ್ಲೇ ಕೇಳಬಹುದಲ್ಲ ಅಂತ ನೀವು ಕೇಳಬಹುದು. ಇದೆ, ಚೆನ್ನಾಗಿಯೂ ಇದೆ. ಆಕಾಶವಾಣಿಯ ನ್ಯೂಸ್ ಆನ್ ಏರ್ ಆಪ್‌ನಲ್ಲಿ 200ಕ್ಕೂ ಹೆಚ್ಚು ವಾಹಿನಿಗಳಿವೆ. ಅಮೆರಿಕದಲ್ಲಿರುವ ಮಗಳು ಬೆಂಗಳೂರಿನ ಅಮೃತವರ್ಷಿಣಿ ವಾಹಿನಿಯಲ್ಲಿ ವೀಣೆ ಕೇಳುತ್ತಾ ಅಡುಗೆ ಮಾಡಬಹುದು. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ರಾಗಂ ವಾಹಿನಿ ಇಡೀ ದಿನ ಶಾಸ್ತ್ರೀಯ ಸಂಗೀತ ಕೊಡುತ್ತದೆ. ಹೊರನಾಡಿನ ಕನ್ನಡಿಗರಿಗೆ ಇದು ದೊಡ್ಡ ಕೊಡುಗೆ. ಆದರೆ ಆಪ್‌ಗೆ ಡೇಟಾ ಬೇಕು, ಟವರ್ ಬೇಕು, ಟವರ್‌ಗೆ ಕರೆಂಟು ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿರಬೇಕು. ಅಂಥ ಮಳೆಯಲ್ಲಿ ಮೊದಲು ಹೋಗುವುದು ಕರೆಂಟು. ಬ್ಯಾಟರಿ ಮುಗಿಯುತ್ತಿದ್ದ ಹಾಗೆ ಟವರ್ ಹೋಗುತ್ತದೆ. ಎರಡು ಸೆಲ್ ಹಾಕಿದ ರೇಡಿಯೊ ಮಾತ್ರ ಮಾತಾಡುತ್ತಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಗಂಟೆ ಹೊಡೆಯುವ ಮುಂಚೆ ಬರುವ ಪೀಂ ಪೀಂ ಶಬ್ದ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಅದೇ ಶಬ್ದ ಆಪ್‌ನಲ್ಲಿ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಒಂದು ಸೆಟ್ಟು, ಒಂದು ಫೋನು ಪಕ್ಕಪಕ್ಕ ಇಟ್ಟು ಕೇಳಿ, ಗೊತ್ತಾಗುತ್ತದೆ.

ಫೋನಿನಲ್ಲೇ ಎಫ್‌ಎಂ ರಿಸೀವರ್ ಇದ್ದರೆ ಡೇಟಾ ಬೇಡ. ಇಯರ್‌ಫೋನಿನ ತಂತಿಯೇ ಆಂಟೆನಾ. ಆದರೆ ಈಚೆಗೆ ಬರುವ ಎಷ್ಟೋ ಫೋನುಗಳಲ್ಲಿ ಇಯರ್‌ಫೋನ್ ತೂತೂ ಇಲ್ಲ, ಎಫ್‌ಎಂ ಕೂಡ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನ್ ತಯಾರಕರಿಗೆ ಎಫ್‌ಎಂ ತೆಗೆಯಬೇಡಿ, ಇದ್ದದ್ದನ್ನು ಬಂದ್ ಮಾಡಬೇಡಿ ಎಂದು ಸಲಹೆ ಕೊಟ್ಟಿತು. ಸಲಹೆಗಿಂತ ಬಿಗಿಯಾದದ್ದು ಏನಾದರೂ ಬೇಕು ಅಂತ ನನಗನ್ನಿಸುತ್ತದೆ.

ಇನ್ನು ಹಳೆಯ ಧ್ವನಿಗಳು. ನನಗೆ ತೀರಾ ಹತ್ತಿರದ ವಿಷಯ ಇದು.

ಯಾವುದಾದರೂ ಹಳೆಯ ನಿಲಯದ ಟೇಪ್ ಲೈಬ್ರರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಸಾಲು ಸಾಲು ಕಬ್ಬಿಣದ ಕಪಾಟು. ಒಳಗೆ ಚೌಕದ ರಟ್ಟಿನ ಡಬ್ಬಿಗಳು. ಬೆನ್ನಿನ ಮೇಲೆ ಮಸಿಯಲ್ಲಿ ಬರೆದ ಹೆಸರು, ತಾರೀಕು, ಎಷ್ಟು ನಿಮಿಷ ಅನ್ನುವ ಲೆಕ್ಕ. ಒಳಗಿರುವುದು ಕಾಲು ಇಂಚು ಅಗಲದ ಟೇಪು. ಏಳು ಇಂಚಿನ ಒಂದು ಸ್ಪೂಲಿನಲ್ಲಿ 1,200 ಅಡಿ. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡಿಸಿದರೆ ಸುಮಾರು ಅರ್ಧ ಗಂಟೆ. ತಪ್ಪು ಮಾತು ಬಂದರೆ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬಿಳಿ ಪಟ್ಟಿ ಅಂಟಿಸಿ ಜೋಡಿಸುತ್ತಿದ್ದರು. ನಲವತ್ತು ವರ್ಷದ ಮೇಲೆ ಆ ಅಂಟು ಒಣಗಿ, ಟೇಪು ಓಡುವಾಗ ಸರಿಯಾಗಿ ಅಲ್ಲೇ ಬಿಟ್ಟುಕೊಳ್ಳುತ್ತದೆ. ಕೆಲವು ಟೇಪುಗಳ ಲೇಪ ತೇವ ಹೀರಿ ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಲೇಪ ಕಿತ್ತು ಯಂತ್ರದ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆಗೆ ಧ್ವನಿಯೂ ಹೋಗುತ್ತದೆ. ಇಂಥವನ್ನು ಸುಮಾರು 50 ಡಿಗ್ರಿ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಆಮೇಲೆ ಓಡಿಸಬೇಕು. ಕರಾವಳಿಯ ತೇವದಲ್ಲಿ ಈ ಕೆಲಸ ಎಷ್ಟು ತುರ್ತು ಅಂತ ಬೇರೆ ಹೇಳಬೇಕಿಲ್ಲ.

ಡಿಜಿಟಲ್‌ಗೆ ಹಾಕುವಾಗ ಅವಸರ ನಡೆಯುವುದಿಲ್ಲ. ಅರ್ಧ ಗಂಟೆಯ ಟೇಪಿಗೆ ಅರ್ಧ ಗಂಟೆ ಬೇಕೇ ಬೇಕು. ಪ್ರತಿ ಸಲ ಹೆಡ್ ಒರೆಸಬೇಕು, ಒಬ್ಬರು ಕೂತು ಕೇಳಬೇಕು. ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಒಂದು ಫೈಲು ಉಳಿಯುತ್ತದೆ. ಆ ಫೈಲಿಗೆ ಹೆಸರು ಏನು?

ಎಡವುವುದು ಇಲ್ಲೇ. ಡಬ್ಬಿಯ ಮೇಲೆ ‘ಜಾನಪದ ಗೀತೆ, ತಂಡ’ ಅಂತ ಇದ್ದರೆ ಫೈಲಿಗೂ ಅದೇ ಹೆಸರು. ಹಾಡಿದವರು ಯಾವ ಊರಿನವರು, ಬೀಸುವ ಪದವೋ ಸೋಬಾನೆಯೋ, ಹಿಂದೆ ದನಿಗೂಡಿಸಿದವರು ಯಾರು, ಏನೂ ಇಲ್ಲ. ಕ್ಯೂ ಶೀಟು, ಅಂದರೆ ಕಾರ್ಯಕ್ರಮದ ವಿವರ ಬರೆದಿಟ್ಟ ಹಾಳೆ, ಕಳೆದಿದ್ದರೆ ಮುಗಿದೇ ಹೋಯಿತು. ಆ ಧ್ವನಿ ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ, ಆದರೆ ಹುಡುಕುವವರಿಗೆ ಸಿಗುವುದಿಲ್ಲ. ಹಾಡಿದಾಕೆಯ ಮೊಮ್ಮಗ ಬಂದು ಕೇಳಿದರೂ ಸಿಗುವುದಿಲ್ಲ.

ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿವೃತ್ತ ಉದ್ಘೋಷಕರು, ಕಾರ್ಯಕ್ರಮ ನಿರ್ವಾಹಕರು, ನಿಲಯದ ವಾದ್ಯ ಕಲಾವಿದರು. ಹಾಡಿನ ಎತ್ತುಗಡೆ ಕೇಳಿದರೆ ಸಾಕು, ಪಿಟೀಲು ಯಾರದು ಅಂತ ಹೇಳುತ್ತಾರೆ. ಅವರನ್ನು ಗೌರವಧನ ಕೊಟ್ಟು ಕರೆಸಿ, ಹೆಡ್‌ಫೋನ್ ಹಾಕಿ ಕೂರಿಸಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು. ಒಂದು ಟ್ರಾನ್ಸ್‌ಮಿಟರಿಗೆ ಹೋಲಿಸಿದರೆ ಇದರ ಖರ್ಚು ಏನೂ ಅಲ್ಲ. ತಡ ಮಾಡಿದರೆ ಮಾತ್ರ ಎಷ್ಟು ಕೋಟಿ ಕೊಟ್ಟರೂ ಸಿಗುವುದಿಲ್ಲ.

ಬಿಬಿಸಿ ತನ್ನ ರೇಡಿಯೊ ಟೈಮ್ಸ್ ಪತ್ರಿಕೆಯಲ್ಲಿ 1923ರಿಂದ ಅಚ್ಚಾದ ಕಾರ್ಯಕ್ರಮ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ 2014ರಲ್ಲಿ ಜನರ ಮುಂದಿಟ್ಟಿತು. ಕಂಪ್ಯೂಟರು ತಪ್ಪಾಗಿ ಓದಿದ ಹೆಸರುಗಳನ್ನು ತಿದ್ದಿದವರು ಸಾಮಾನ್ಯ ಓದುಗರು. ಕನ್ನಡಿಗರಿಗೆ ಅಂಥ ಅವಕಾಶ ಕೊಟ್ಟು ನೋಡಲಿ, ನಮ್ಮ ಜನ ಹಿಂದೆ ಬೀಳುವವರಲ್ಲ. ಒಂದು ತೊಡಕು ಇದೆ, ನಿಜ. ಆ ಕಾಲದಲ್ಲಿ ಕಲಾವಿದರಿಗೆ ಹಣ ಕೊಟ್ಟದ್ದು ರೇಡಿಯೊ ಪ್ರಸಾರಕ್ಕೆ. ಇಂಟರ್‌ನೆಟ್ ಆಗ ಯಾರ ಕನಸಿನಲ್ಲೂ ಇರಲಿಲ್ಲ. ಈಗ ಅಲ್ಲಿ ಹಾಕುವಾಗ ಅವರಿಗೆ, ಅವರ ಮನೆಯವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು.

ಹೊಸತನದ ವಿಷಯಕ್ಕೆ ಬಂದರೆ, 2024ರ ಮೇ ತಿಂಗಳಲ್ಲಿ ದೂರದರ್ಶನದ ರೈತರ ವಾಹಿನಿ ಡಿಡಿ ಕಿಸಾನ್ ಕಂಪ್ಯೂಟರೇ ರೂಪಿಸಿದ ಇಬ್ಬರು ನಿರೂಪಕರನ್ನು ಪರದೆಗೆ ತಂದಿತು. ಹೆಸರು ಕ್ರಿಷ್, ಭೂಮಿ. ಐವತ್ತು ಭಾಷೆ ಮಾತಾಡಬಲ್ಲರು ಎಂದರು. ನನ್ನ ಮನಸ್ಸು ಅದರತ್ತ ಹೋಗಲಿಲ್ಲ. ಅದೇ ಜಾಣತನ ಬೇರೆ ಕಡೆ ಬೇಕಾಗಿದೆ. ಮಂಗಳೂರು ನಿಲಯ ತುಳುವಿನಲ್ಲಿ, ಕೊಂಕಣಿಯಲ್ಲಿ ಪ್ರಸಾರ ಮಾಡಿದೆ. ಮಡಿಕೇರಿ ನಿಲಯ ಕೊಡವ, ಅರೆಭಾಷೆಯಲ್ಲಿ ಮಾಡಿದೆ. ಕಲಬುರಗಿ, ಧಾರವಾಡದ ನಾಟಕಗಳಲ್ಲಿ ಆ ನೆಲದ ಕನ್ನಡ ಹಾಗೇ ಇದೆ. ಮಾತನ್ನು ಅಕ್ಷರಕ್ಕೆ ಇಳಿಸುವ ಕಂಪ್ಯೂಟರುಗಳಿಗೆ ಈ ಮಾತುಗಳು ಇನ್ನೂ ಸರಿಯಾಗಿ ಅರ್ಥವಾಗುವುದಿಲ್ಲ. ಈ ಟೇಪುಗಳಿಂದ ಅವು ಕಲಿಯಲಿ. ಕಲಿತ ಮೇಲೆ ಅವೇ ಸಾವಿರಾರು ಗಂಟೆಯ ಧ್ವನಿಯನ್ನು ಹುಡುಕಲು ಬರುವಂತೆ ಮಾಡಿಕೊಡಲಿ.

ಸ್ಥಳೀಯ ಮಾತು ಅಂದಾಗ ಆ 91 ಪುಟ್ಟ ಟ್ರಾನ್ಸ್‌ಮಿಟರುಗಳ ಬಗ್ಗೆಯೂ ಹೇಳಬೇಕು. ಇಂಥವು ಬೇರೆ ನಿಲಯದ ಕಾರ್ಯಕ್ರಮವನ್ನು ಮರುಪ್ರಸಾರ ಮಾಡುತ್ತವೆ. ಆ ಊರಿನ ಸಂತೆ ಬೆಲೆ, ಆ ಊರಿನ ಹಾಡುಗಾರ್ತಿ ಅದರಲ್ಲಿ ಬರುವುದಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿದಾಗ ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವಾಟ್. ಅದರಲ್ಲೇ ಮೈಸೂರು ಮಾತಾಡಿತು. ಈಗ 100 ವಾಟ್ ಇದೆ. ದಿನಕ್ಕೆ ಒಂದು ಗಂಟೆ ಆ ಊರಿನವರಿಗೇ ಬಿಟ್ಟುಕೊಡಲಿ. ಒಂದು ಲ್ಯಾಪ್‌ಟಾಪು, ಒಂದು ಮೈಕು, ತರಬೇತಾದ ಇಬ್ಬರು ಯುವಕ ಯುವತಿಯರು ಸಾಕು.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಅಮ್ಮ, ಅತ್ತೆ, ಊರಿನ ಭಜನಾ ತಂಡದವರು ಯಾರಾದರೂ ಎಂದಾದರೂ ಆಕಾಶವಾಣಿಯಲ್ಲಿ ಹಾಡಿದ್ದರೆ, ಮಾತಾಡಿದ್ದರೆ, ಯಾವ ನಿಲಯ, ಯಾವ ವರ್ಷ, ಜೊತೆಗೆ ಯಾರಿದ್ದರು ಎಂದು ಒಂದು ಕಾರ್ಡಿನಲ್ಲಿ ಬರೆದು ಆ ನಿಲಯಕ್ಕೆ ಕಳಿಸಿ. ಆಗ ಬಂದ ಕರಾರು ಪತ್ರ ಟ್ರಂಕಿನಲ್ಲಿ ಇನ್ನೂ ಇದ್ದರೆ ಎಸೆಯಬೇಡಿ. ತಾರೀಕು ಅದರಲ್ಲೇ ಇರುತ್ತದೆ, ಅದರ ಒಂದು ಫೋಟೊ ಕೂಡ ಕಳಿಸಿ. ಟೇಪು ಹುಡುಕುವವರಿಗೆ ಅಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ನಮಸ್ಕಾರ.